ಓದುಗರ ಪ್ರಶ್ನೆ: ಕಡಲ ಪಕ್ಕದಲ್ಲೇ ಮರುಭೂಮಿ

ಆಫ್ರಿಕಾದ ನೈಋತ್ಯ ಅಂಚಿನಲ್ಲಿ, ದಕ್ಷಿಣದ ಆರೆಂಜ್ ನದಿಯಿಂದ ಉತ್ತರದ ಕುನೇನೆ ನದಿಯವರೆಗೆ ಸುಮಾರು 1,570 ಕಿ.ಮೀ. ಚಾಚಿಕೊಂಡಿರುವ ನಮೀಬಿಯಾದ ಕರಾವಳಿಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಎಲ್ಲಿ ಉಳಿಯಬೇಕು, ಎಷ್ಟು ಖರ್ಚು ಎಂಬ ಪತ್ರಗಳೇ ಬರುತ್ತವೆ ಎಂದುಕೊಂಡಿದ್ದೆವು. ಬಂದದ್ದು ನೀರು, ಮೀನು, ಹುಳ, ಗಿಡದ ಪ್ರಶ್ನೆಗಳು. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ನಮ್ಮಲ್ಲಿ ಸಮುದ್ರ ಇರುವುದರಿಂದಲೇ ಮಳೆ. ಅಲ್ಲಿ ಸಮುದ್ರದ ದಂಡೆಯಲ್ಲೇ ಮರುಭೂಮಿ ಅಂದರೆ ನಂಬುವುದು ಹೇಗೆ? (ಹೊನ್ನಾವರ)

ಸಮುದ್ರ ಇದ್ದರಷ್ಟೇ ಸಾಲದು, ಅದು ಬೆಚ್ಚಗಿರಬೇಕು. ನಮೀಬಿಯಾದ ಕಡಲು ತಣ್ಣಗಿದೆ. ಬೆಂಗ್ವೆಲಾ ಎಂಬ ಪ್ರವಾಹ ದಕ್ಷಿಣದಿಂದ ಉತ್ತರಕ್ಕೆ ದಡದ ಗುಂಟ ಹರಿಯುತ್ತದೆ. ಅದರ ಮೇಲೆ ವರ್ಷದ ಬಹುಪಾಲು ದಿನ ದಕ್ಷಿಣದ ಗಾಳಿ ಬೀಸುತ್ತದೆ. ಭೂಮಿ ತಿರುಗುವುದರಿಂದ ದಕ್ಷಿಣಾರ್ಧಗೋಳದಲ್ಲಿ ಚಲಿಸುವ ನೀರು ತನ್ನ ಎಡಕ್ಕೆ ವಾಲುತ್ತದೆ. ಉತ್ತರಕ್ಕೆ ಹೊರಟ ನೀರಿಗೆ ಎಡ ಎಂದರೆ ಪಶ್ಚಿಮ, ಅಂದರೆ ದಡದಿಂದ ದೂರ. ಮೇಲಿನ ನೀರು ಹೀಗೆ ಸರಿದುಹೋದ ಜಾಗಕ್ಕೆ ತಳದ ತಣ್ಣೀರು ಏಳುತ್ತದೆ. ದಡದ ಬಳಿ 12ರಿಂದ 16 ಡಿಗ್ರಿ ಸೆಲ್ಸಿಯಸ್ ಇರುವುದು ಸಾಮಾನ್ಯ.

ತಣ್ಣೀರಿನ ಮೇಲಿನ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಬೆಚ್ಚನೆಯ ಒಣಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ತೇವಾಂಶ ಬೇಕಾದಷ್ಟಿದೆ, ಆದರೆ ಮೇಲೇರಿ ಮೋಡವಾಗಿ ಸುರಿಯಲು ದಾರಿಯಿಲ್ಲ. ಹಾಗಾಗಿ ಮಂಜಾಗಿ ನೆಲದ ಮೇಲೇ ಹರಿದುಬರುತ್ತದೆ. ಹಿಂದೂ ಮಹಾಸಾಗರದ ಕಡೆಯಿಂದ ಬರುವ ಮಳೆಗಾಳಿ ಇಡೀ ಖಂಡವನ್ನು ದಾಟಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ಬರಿದಾಗಿರುತ್ತದೆ. ಒಟ್ಟು ಲೆಕ್ಕ ಹೀಗೆ: ಹೊನ್ನಾವರದಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ, ಸ್ವಾಕೊಪ್‌ಮುಂಡ್ ಪಟ್ಟಣದಲ್ಲಿ 20 ಮಿ.ಮೀ. ಕೂಡ ಕಷ್ಟ. ನಿಮ್ಮಲ್ಲಿ ಜೂನ್‌ನ ಒಂದು ಜಡಿಮಳೆಯ ಸಂಜೆಗೆ ಅಲ್ಲಿನ ಒಂದು ವರ್ಷ ಮುಗಿದುಹೋಗುತ್ತದೆ. ಆದರೆ ಮಂಜು ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಬರುತ್ತದೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ತಣ್ಣೀರಿನಿಂದಲೇ ಹೊರಟವು.

ಬೆನ್ನಿನ ಮೇಲಿನ ಸಣ್ಣ ಉಬ್ಬುಗಳಲ್ಲಿ ಮಂಜು ಹಿಡಿದು ಕುಡಿಯುವ ಜೀರುಂಡೆ ಅಲ್ಲಿದೆ ಎಂದು ಮಕ್ಕಳ ಪಾಠದಲ್ಲಿ ಬಂದಿದೆ. ನಿಜವೇ? (ಧಾರವಾಡ)

ಅರ್ಧ ನಿಜ. ಎರಡು ಬೇರೆ ಬೇರೆ ಜೀರುಂಡೆಗಳು ಒಂದೇ ಕಥೆಯಲ್ಲಿ ಕಲಸಿಹೋಗಿವೆ.

ಮಂಜು ಕುಡಿಯುವುದು ಆನಿಮ್ಯಾಕ್ರಿಸ್ ಅಂಗ್ವಿಕ್ಯುಲಾರಿಸ್. ಇದು ಹಗಲಿನ ಹುಳ, ತಣ್ಣನೆ ಹೊತ್ತಿನಲ್ಲಿ ಮರಳಿನೊಳಗೆ ಹೂತುಕೊಂಡಿರುತ್ತದೆ. ಮಂಜು ಬಂದ ರಾತ್ರಿ ಅಥವಾ ನಸುಕಿನಲ್ಲಿ ಮಾತ್ರ ಮರಳುದಿಬ್ಬದ ನೆತ್ತಿಗೆ ಹತ್ತಿ, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ, ತಲೆ ತಗ್ಗಿಸಿ ಹಿಂಭಾಗ ಎತ್ತಿ ನಿಲ್ಲುತ್ತದೆ. ಹನಿಗಳು ಬೆನ್ನ ಮೇಲೆ ಕೂಡಿ ಇಳಿಜಾರಿನಲ್ಲಿ ಬಾಯಿಗೆ ಬರುತ್ತವೆ. ಈ ವರ್ತನೆಯನ್ನು ಹ್ಯಾಮಿಲ್ಟನ್ ಮತ್ತು ಮೇರಿ ಸೀಲಿ 1976ರಲ್ಲಿ ಪ್ರಕಟಿಸಿದರು. ಒಂದು ಮಂಜಿನಲ್ಲಿ ಹುಳ ತನ್ನ ತೂಕದ ಸರಾಸರಿ 12 ಶೇಕಡಾ, ಹೆಚ್ಚೆಂದರೆ 34 ಶೇಕಡಾದಷ್ಟು ನೀರು ಕುಡಿಯುತ್ತದೆ. 60 ಕಿಲೋ ತೂಕದ ಮನುಷ್ಯ ಒಂದೇ ಬಾರಿಗೆ 20 ಲೀಟರ್ ಕುಡಿದ ಹಾಗೆ. ಇದರ ಬೆನ್ನಿನಲ್ಲಿ ಮಾತ್ರ ಉಬ್ಬುಗಳಿಲ್ಲ.

ಉಬ್ಬುಗಳಿರುವುದು ಸ್ಟೆನೋಕಾರಾ ಎಂಬ ಇನ್ನೊಂದು ಜೀರುಂಡೆಗೆ. ಅದರ ಬೆನ್ನಿನ ರಚನೆ ಹನಿ ಹಿಡಿಯಲು ಹೇಳಿ ಮಾಡಿಸಿದ ಹಾಗಿದೆ ಎಂದು 2001ರಲ್ಲಿ ಒಂದು ಪ್ರಬಂಧ ಬಂತು. ಅದರಿಂದ ಸ್ಫೂರ್ತಿ ಪಡೆದು ಎಷ್ಟೋ ಕೃತಕ ಹಾಳೆಗಳೂ ತಯಾರಾದವು. ಆದರೆ ಮರಳಿನ ಮೇಲೆ ಕಾದು ನೋಡಿದವರಿಗೆ ಸ್ಟೆನೋಕಾರಾ ತಲೆಕೆಳಗಾಗಿ ನಿಂತು ಮಂಜು ಕುಡಿದದ್ದು ಕಂಡಿಲ್ಲ. ಹಾಳೆ ಕೆಲಸ ಮಾಡುತ್ತದೆ ಎಂಬುದು ಬೇರೆ, ಹುಳ ಹಾಗೆ ಮಾಡುತ್ತದೆ ಎಂಬುದು ಬೇರೆ. ಪಾಠ ಮಾಡುವಾಗ ಈ ವ್ಯತ್ಯಾಸ ಹೇಳಿದರೆ ಮಕ್ಕಳಿಗೆ ವಿಜ್ಞಾನ ನಡೆಯುವ ಬಗೆಯೂ ತಿಳಿದಂತಾಯಿತು.

ನೀರು ಹಿಡಿಯುವ ಬೇರೆ ಉಪಾಯಗಳೂ ಅಲ್ಲಿವೆ. ಲೆಪಿಡೋಕೋರಾ ಎಂಬ ಚಪ್ಪಟೆ ಜೀರುಂಡೆ ಗಾಳಿಗೆ ಅಡ್ಡಲಾಗಿ ಮರಳಿನಲ್ಲಿ ಚಿಕ್ಕ ಕಾಲುವೆ ತೋಡುತ್ತದೆ; ಕಾಲುವೆಯ ಅಂಚಿನ ದಿಂಡು ಸುತ್ತಲ ಮರಳಿಗಿಂತ ಹೆಚ್ಚು ಮಂಜು ಹಿಡಿಯುತ್ತದೆ, ಹುಳ ಅದನ್ನೇ ಹೀರುತ್ತದೆ. ಪೆರಿಂಗ್ವೆ ಎಂಬ ಪುಟ್ಟ ಮಂಡಲದ ಹಾವು ತನ್ನ ಮೈಮೇಲೆ ಕೂತ ಹನಿಯನ್ನೇ ನೆಕ್ಕಿಕೊಳ್ಳುತ್ತದೆ.

ನಮ್ಮ ಶಾಲೆಯಲ್ಲಿ ಅಂಥ ಮಂಜು ಹಿಡಿಯುವ ಬಲೆ ಮಾಡಬಹುದೇ? ಕೊಡಗಿನಲ್ಲಿ ಮಂಜಿಗೇನು ಬರವಿಲ್ಲ. (ಮಡಿಕೇರಿ)

ಮಾಡಬಹುದು, ಆದರೆ ಜಾಗ ತಪ್ಪಿದರೆ ಡಬ್ಬಿ ಖಾಲಿ. ಚಳಿಗಾಲದ ಬೆಳಿಗ್ಗೆ ಗದ್ದೆಬಯಲಿನಲ್ಲಿ ಕದಲದೆ ಕೂರುವ ಮಂಜು ಬಲೆಗೆ ಪ್ರಯೋಜನವಿಲ್ಲ, ಅದು ಬಲೆಯ ಮೂಲಕ ಹಾಯುವುದೇ ಇಲ್ಲ. ನಮೀಬಿಯಾ ಕರಾವಳಿಯ ಮರುಭೂಮಿಯಾದ ನಮೀಬಿನಲ್ಲಿ ಮಂಜನ್ನು ತಳ್ಳಲು ಗಾಳಿ ಇದೆ. ನಿಮ್ಮಲ್ಲಿ ಗಾಳಿಯ ಜೊತೆ ಮೋಡ ಉಜ್ಜಿಕೊಂಡು ಹೋಗುವ ಗುಡ್ಡದ ನೆತ್ತಿ ಅಥವಾ ಎರಡು ಗುಡ್ಡಗಳ ನಡುವಿನ ಕಣಿವೆಬಾಯಿ ಆರಿಸಿ.

ಅಳತೆಗೆ ಬಳಸುವ ಬಲೆಯ ಗಾತ್ರ 1 ಮೀಟರ್ × 1 ಮೀಟರ್. ಅರ್ಧ ಇಂಚಿನ ಜಿಐ ಪೈಪಿನಲ್ಲಿ ಚೌಕಟ್ಟು ಮಾಡಿ, ಅದರ ಕೆಳ ಅಂಚು ನೆಲದಿಂದ 2 ಮೀಟರ್ ಎತ್ತರದಲ್ಲಿರುವಂತೆ ಎರಡು ಕಂಬಗಳಿಗೆ ಬಿಗಿಯಿರಿ. ನರ್ಸರಿಯವರು ಬಳಸುವ 35 ಪರ್ಸೆಂಟ್ ಶೇಡ್ ನೆಟ್, ಚಪ್ಪಟೆ ಎಳೆಯಲ್ಲಿ ಹೆಣೆದದ್ದು, ಎರಡು ಪದರ ಬೇಕು. 75 ಪರ್ಸೆಂಟಿನದು ಹಾಕಿದರೆ ಹೆಚ್ಚು ನೀರು ಬರುತ್ತದೆ ಎಂದು ತೋರುತ್ತದೆ, ಆಗುವುದು ತಿರುಗಾಮುರುಗಾ: ಗಾಳಿ ಬಲೆಯೊಳಗೆ ನುಗ್ಗುವ ಬದಲು ಸುತ್ತಿಕೊಂಡು ಹೋಗುತ್ತದೆ. ಎರಡು ಪದರ ಒಂದಕ್ಕೊಂದು ತಾಕುವಂತಿರಲಿ. ಗಾಳಿಗೆ ಅವು ಉಜ್ಜಿದಾಗ ಸಣ್ಣ ಹನಿಗಳು ಕೂಡಿ ಕೆಳಗಿಳಿಯುತ್ತವೆ. ಬಲೆಯನ್ನು ಗಾಳಿಯ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಕೆಳಗೆ 4 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ದೋಣಿಯಂತೆ ಕಟ್ಟಿ, ಒಂದು ತುದಿಗೆ ಎರಡು ಬೆರಳಷ್ಟು ಇಳಿಜಾರು ಕೊಟ್ಟು, ಅಲ್ಲಿಂದ ಕೊಳವೆಯಲ್ಲಿ ಮುಚ್ಚಳವಿರುವ ಕ್ಯಾನಿಗೆ ಬಿಡಿ.

ಸಾಮಾನ್ಯವಾಗಿ ಕೆಡುವುದು ಮೂರು ಕಡೆ. ಬಲೆ ಜೋತುಬಿದ್ದು ಹನಿ ದೋಣಿಯಾಚೆ ಬೀಳುತ್ತದೆ; ವಾರಕ್ಕೊಮ್ಮೆ ಬಿಗಿ ಮಾಡಿ. ದೋಣಿಯಲ್ಲಿ ಎಲೆ ಕಟ್ಟಿಕೊಳ್ಳುತ್ತದೆ. ಇನ್ನೊಂದು, ಮಳೆಯ ನೀರೂ ಸೇರಿ ಲೆಕ್ಕ ಕೆಡುತ್ತದೆ. ಪಕ್ಕದಲ್ಲೇ ಮಳೆಮಾಪಕ ಇಟ್ಟು, ಮಳೆ ಬಿದ್ದ ದಿನದ ಅಂಕಿಯನ್ನು ಬೇರೆ ಬರೆಯಿರಿ. ಅಳತೆ ಬೆಳಿಗ್ಗೆ ಒಂದೇ ಹೊತ್ತಿಗೆ ಆಗಲಿ. ನಮೀಬಿಯಾದಲ್ಲಿ ಇಂಥ ಅಳತೆಗಳು ನಡೆಯುವುದು ಗೊಬಾಬೆಬ್ ಸಂಶೋಧನಾ ಕೇಂದ್ರದ ಸುತ್ತ. ಕುಯಿಸೆಬ್ ನದಿಯ ದಂಡೆಯ ಈ ಕೇಂದ್ರ 1960ರ ದಶಕದ ಆರಂಭದಿಂದಲೂ ಇದೆ.

ಅಲ್ಲಿಯೂ ಬೂತಾಯಿ ಇತ್ತು, ಈಗ ಜೆಲ್ಲಿಫಿಶ್ ಮಾತ್ರ ಎಂದು ಕೇಳಿದ್ದೇವೆ. ಏನಾಯಿತು? (ಮಲ್ಪೆ)

ಅಲ್ಲಿನದು ನಮ್ಮ ಬೂತಾಯಿ ಅಲ್ಲ, ಅದರ ಸಂಬಂಧಿ ಸಾರ್ಡಿನಾಪ್ಸ್. ಆದರೆ ಬದುಕು ಒಂದೇ ಬಗೆ. ತಳದ ನೀರು ಮೇಲೇಳುವಾಗ ಗೊಬ್ಬರದಂಥ ಪೋಷಕಾಂಶ ತರುತ್ತದೆ, ಪ್ಲಾಂಕ್ಟನ್ ಎಂಬ ತೇಲುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಅವನ್ನು ಮೀನು ಸೋಸಿ ತಿನ್ನುತ್ತದೆ. ನಿಮ್ಮಲ್ಲಿ ಮಳೆಗಾಲದ ಕೆಲವು ತಿಂಗಳು ನಡೆಯುವ ಕೆಲಸ ಅಲ್ಲಿ ಹೆಚ್ಚುಕಡಿಮೆ ವರ್ಷವಿಡೀ ನಡೆಯುತ್ತದೆ.

1968ರಲ್ಲಿ ಹಿಡಿದ ಸಾರ್ಡೀನ್ ಸುಮಾರು 14 ಲಕ್ಷ ಟನ್. ಡಬ್ಬಿಗೂ ಫಿಶ್‌ಮೀಲ್‌ಗೂ ಒಂದೇ ಸಮನೆ ಬಾಚಿದರು. 1970ರ ದಶಕದಲ್ಲಿ ಮೀನು ಕುಸಿಯಿತು, ಮತ್ತೆ ಹಿಂದಿನ ಮಟ್ಟಕ್ಕೆ ಏಳಲೇ ಇಲ್ಲ. 2006ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಅಂದಾಜಿನಲ್ಲಿ ಆ ಕಡಲಿನಲ್ಲಿ ಜೆಲ್ಲಿಫಿಶ್ 1.2 ಕೋಟಿ ಟನ್, ಮೀನು 36 ಲಕ್ಷ ಟನ್. 'ಮಾತ್ರ' ಎಂಬುದು ಉತ್ಪ್ರೇಕ್ಷೆ, ಆದರೆ ತಕ್ಕಡಿ ಯಾವ ಕಡೆ ವಾಲಿದೆ ಎಂಬುದು ಸ್ಪಷ್ಟ. ಜೆಲ್ಲಿಫಿಶ್ ಮೀನಿನ ಮೊಟ್ಟೆ ಮರಿಯನ್ನೂ ತಿನ್ನುತ್ತದೆ, ಮೀನಿನ ಆಹಾರವನ್ನೂ ತಿನ್ನುತ್ತದೆ. ಒಮ್ಮೆ ಅದರ ಕೈ ಮೇಲಾದರೆ ಮೀನು ಮರಳುವುದು ಕಷ್ಟ. ಸಾರ್ಡೀನ್ ನಂಬಿದ್ದ ಆಫ್ರಿಕನ್ ಪೆಂಗ್ವಿನ್‌ಗಳಿಗೆ ಉಳಿದದ್ದು ಕೊಬ್ಬು ಕಡಿಮೆಯ ಗೋಬಿ ಮೀನು. ಹೊಟ್ಟೆ ತುಂಬುತ್ತದೆ, ಮರಿ ಸಾಕುವಷ್ಟು ಶಕ್ತಿ ಸಿಗುವುದಿಲ್ಲ. 2024ರಲ್ಲಿ ಈ ಪೆಂಗ್ವಿನ್ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಇನ್ನೊಂದು ತೊಡಕೂ ಅಲ್ಲಿದೆ. ಪ್ಲಾಂಕ್ಟನ್ ಅತಿಯಾಗಿ ಬೆಳೆದು ಸತ್ತು ತಳ ಸೇರಿ ಕೊಳೆಯುತ್ತದೆ. ಆಮ್ಲಜನಕ ಮುಗಿದ ಮೇಲೆ ಕೊಳೆಯುವಿಕೆಯಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟಿ, ಆಗಾಗ ಒಮ್ಮೆಲೇ ಮೇಲೆ ಉಕ್ಕುತ್ತದೆ. ಕಡಲು ಹಾಲು ಬೆರೆಸಿದ ಹಸಿರುನೀಲಿಯಾಗುತ್ತದೆ, ಊರೆಲ್ಲ ಕೊಳೆತ ಮೊಟ್ಟೆಯ ವಾಸನೆ, ದಡದಲ್ಲಿ ಸತ್ತ ಮೀನು. ಆ ಕೆಸರಿನಲ್ಲೇ ಇರುವ ಒಂದು ಬ್ಯಾಕ್ಟೀರಿಯಾ ಈ ಸಲ್ಫೈಡನ್ನು ತಿಂದು ಬದುಕುತ್ತದೆ. ಹೈಡೆ ಶುಲ್ಟ್ಸ್ 1997ರಲ್ಲಿ ಕಂಡುಹಿಡಿದ ಥಯೋಮಾರ್ಗರೀಟಾ ನಮೀಬಿಯೆನ್ಸಿಸ್ ಅದು. ಒಂದೊಂದು ಕೋಶ 0.75 ಮಿ.ಮೀ. ತನಕ ಬೆಳೆಯುತ್ತದೆ. ಬ್ಯಾಕ್ಟೀರಿಯಾವೊಂದನ್ನು ಸೂಕ್ಷ್ಮದರ್ಶಕವಿಲ್ಲದೆ ನೋಡುವ ಅವಕಾಶ ಅಪರೂಪ.

ಕೇಪ್ ಕ್ರಾಸ್‌ನಲ್ಲಿ ಲಕ್ಷಾಂತರ ನೀರುನಾಯಿಗಳಿವೆಯಂತೆ. ಯಾವಾಗ ಹೋಗಬೇಕು? (ಹೊಸಪೇಟೆ)

ನೀರುನಾಯಿ ಎಂದರೆ ನಿಮ್ಮ ತುಂಗಭದ್ರೆಯಲ್ಲಿರುವುದು. ಕೇಪ್ ಕ್ರಾಸ್‌ನವು ಸೀಲ್‌ಗಳು, ಅದರಲ್ಲೂ ಹೊರಗಿವಿ ಇರುವ ಫರ್ ಸೀಲ್. ಗಂಡುಗಳು ಜಾಗಕ್ಕಾಗಿ ಕಾದಾಡುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಮರಿಗಳು ಹುಟ್ಟುವುದು ನವೆಂಬರ್, ಡಿಸೆಂಬರ್‌ನಲ್ಲಿ. ಆಗ ಮರಿಗಾಗಿ ಕಪ್ಪುಬೆನ್ನಿನ ನರಿ, ಕಂದು ಕತ್ತೆಕಿರುಬಗಳೂ ಬರುತ್ತವೆ. ಕಟ್ಟಿರುವ ಹಲಗೆದಾರಿಯಿಂದ ಇಳಿಯುವಂತಿಲ್ಲ. ಗಬ್ಬುವಾಸನೆಯನ್ನು ಸುಮ್ಮನೆ ಹೇಳುತ್ತಾರೆ ಎಂದುಕೊಳ್ಳಬೇಡಿ. ಕಾರಿನ ಗಾಜು ಏರಿಸಿ ಹೋಗಿ, ಊಟ ಮುಗಿಸಿ ಹೋಗಬೇಡಿ. ಪೋರ್ಚುಗೀಸ್ ನಾವಿಕ ಡಿಯೋಗೊ ಕಾವ್ 1486ರಲ್ಲಿ ಇಲ್ಲಿ ಕಲ್ಲುಶಿಲುಬೆ ನೆಟ್ಟದ್ದರಿಂದ ಜಾಗಕ್ಕೆ ಈ ಹೆಸರು.

ಆ ಮರುಭೂಮಿಯ ವೆಲ್ವಿಚಿಯಾ ಗಿಡವನ್ನು ಬೆಂಗಳೂರಿನ ತಾರಸಿಯಲ್ಲಿ ಬೆಳೆಸಬಹುದೇ? ಅದಕ್ಕೆ ನಿಜವಾಗಿ ಎರಡೇ ಎಲೆಯೇ? (ಬೆಂಗಳೂರು)

ಎರಡೇ. ಚಿತ್ರದಲ್ಲಿ ಹತ್ತಾರು ಕಾಣುವುದು, ಅದೇ ಎರಡು ಎಲೆ ಗಾಳಿಗೆ ಸೀಳಿ ಪಟ್ಟಿಪಟ್ಟಿಯಾಗಿರುವುದರಿಂದ. ಎಲೆ ಬುಡದಿಂದ ಬೆಳೆಯುತ್ತ, ತುದಿಯಲ್ಲಿ ಒಣಗಿ ಸವೆಯುತ್ತ ಹೋಗುತ್ತದೆ. ಸಾವಿರ ವರ್ಷ ದಾಟಿದ ಗಿಡಗಳೂ ಇವೆ. ಫ್ರೆಡ್ರಿಕ್ ವೆಲ್ವಿಚ್ 1859ರಲ್ಲಿ ಅಂಗೋಲಾದ ದಕ್ಷಿಣದಲ್ಲಿ ಇದನ್ನು ಕಂಡರು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ.

ಬೆಳೆಸುವುದಾದರೆ ಬೀಜದಿಂದಲೇ, ಮತ್ತು ನರ್ಸರಿಯ ಬೀಜದಿಂದ. ಇದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿಯಂತ್ರಣವಿದೆ, ಅಲ್ಲಿಂದ ಕಿತ್ತು ತರುವ ಮಾತೇ ಇಲ್ಲ. ಬೀಜದ ಸುತ್ತಲಿನ ಕಾಗದದಂಥ ರೆಕ್ಕೆ ತೆಗೆದುಹಾಕಿ, ಶಿಲೀಂಧ್ರನಾಶಕ ಸವರಿ. ಇದನ್ನು ಬಿಟ್ಟವರ ಬೀಜ ಕಪ್ಪು ಬೂಷ್ಟು ಹಿಡಿದು ಹೋಗುತ್ತದೆ. ಕಾಡಿನಲ್ಲೂ ಬಹಳಷ್ಟು ಬೀಜ ಸಾಯುವುದು ಇದೇ ಆಸ್ಪರ್ಜಿಲಸ್ ಬೂಷ್ಟಿನಿಂದ. ಕುಂಡ ಆಳ ಇರಬೇಕು: 6 ಇಂಚು ಅಗಲ, 2 ಅಡಿ ಉದ್ದದ ಪಿವಿಸಿ ಪೈಪಿನ ತಳಕ್ಕೆ ರಂಧ್ರವಿರುವ ಮುಚ್ಚಳ ಹಾಕಿದರೆ ಸಾಕು. ಮೂರು ಪಾಲು ದಪ್ಪ ಮರಳು, ಒಂದು ಪಾಲು ಮಣ್ಣು. ಬೀಜವನ್ನು ಅರ್ಧ ಸೆಂಟಿಮೀಟರ್ ಆಳದಲ್ಲಿ ಹಾಕಿ. 25ರಿಂದ 30 ಡಿಗ್ರಿ ಸೆಖೆಯಲ್ಲಿ ಒಂದರಿಂದ ಮೂರು ವಾರದಲ್ಲಿ ಮೊಳೆಯುತ್ತದೆ. ಮೊದಲು ಬರುವ ಜೋಡಿ ಬೀಜದೆಲೆ. ಅದಕ್ಕೆ ಅಡ್ಡಲಾಗಿ ಆಮೇಲೆ ಬರುವವೇ ಆಜೀವ ಎಲೆಗಳು.

ಮರುಭೂಮಿ ಗಿಡ ಎಂದು ಒಣಗಿಸುವುದೇ ಎಲ್ಲರೂ ಮಾಡುವ ತಪ್ಪು. ಕಾಡಿನಲ್ಲಿ ಅದು ಒಣಹಳ್ಳದ ತಳದ ತೇವಕ್ಕೆ ಬೇರು ಇಳಿಸಿಕೊಂಡಿರುತ್ತದೆ. ಕುಂಡದ ತಳ ಪೂರ್ತಿ ಒಣಗಿದರೆ ತಾಯಿಬೇರು ಸತ್ತು, ಮೇಲೆ ಹಸಿರಿದ್ದರೂ ಗಿಡ ಹೋದಂತೆ. ನೀರು ನಿಲ್ಲಬಾರದು, ತೇವ ಆರಲೂಬಾರದು. ಪೂರ್ತಿ ಬಿಸಿಲಿರಲಿ. ಮೊದಲ ಕೆಲವು ವರ್ಷ ಕುಂಡ ಬದಲಿಸಬೇಡಿ, ಬೇರು ಮುರಿದರೆ ಕೂಡಿಕೊಳ್ಳುವುದಿಲ್ಲ. ಬುಡದಲ್ಲಿ ಎಲೆ ಹುಟ್ಟುವ ತುಟಿಗೆ ಬೆಂಗಳೂರಿನ ಮಳೆಗಾಲದಲ್ಲಿ ಕೊಳೆ ಬರದಂತೆ ಪಾರದರ್ಶಕ ಶೀಟಿನ ಸೂರು ಹಾಕಿ.

ಆ ಮರಳಿನಲ್ಲಿ ಜನ ತಿನ್ನುವಂಥದ್ದು ಏನಾದರೂ ಬೆಳೆಯುತ್ತದೆಯೇ? (ವಿಜಯಪುರ)

ನಾರಾ ಎಂಬ ಕಾಯಿ. ಸೌತೆ, ಕಲ್ಲಂಗಡಿಗಳ ಕುಟುಂಬದ್ದೇ, ಆದರೆ ಗಿಡದಲ್ಲಿ ಎಲೆಯೇ ಇಲ್ಲ. ಹಸಿರು ಕಾಂಡ ಮತ್ತು ಮುಳ್ಳೇ ಎಲೆಯ ಕೆಲಸ ಮಾಡುತ್ತವೆ. ಬೇರು ಮರಳಿನಡಿಯ ಅಂತರ್ಜಲಕ್ಕೆ ಇಳಿದಿರುತ್ತದೆ. ಕುಯಿಸೆಬ್ ಕಣಿವೆಯ ಟಾಪ್‌ನಾರ್ ಜನ ತಲೆತಲಾಂತರದಿಂದ ಇದನ್ನು ಕೊಯ್ಯುತ್ತ ಬಂದಿದ್ದಾರೆ. ಎಳೆಯ ಕಾಯಿ ಬಾಯಿ ಸುಡುತ್ತದೆ, ಮಾಗಿದ್ದು ಸಿಹಿ. ತಿರುಳನ್ನು ಕುದಿಸಿ, ಬೀಜ ಸೋಸಿ ತೆಗೆದು, ಉಳಿದ ಪಾಕವನ್ನು ಮರಳಿನ ಮೇಲೆ ಹರಡಿ ಒಣಗಿಸುತ್ತಾರೆ. ಕರಾವಳಿಯ ಮಾಂಬಳ ತಿಂದವರಿಗೆ ಹಾಳೆಯ ರೂಪ ಕಣ್ಣಿಗೆ ಕಟ್ಟೀತು. ಬೀಜವನ್ನು ಬಾದಾಮಿಯಂತೆ ತಿನ್ನುತ್ತಾರೆ, ಮಾರುತ್ತಾರೆ.

ವಾಲ್ವಿಸ್ ಬೇಯ ರಾಜಹಂಸಗಳೂ ಠಾಣೆ ಖಾರಿಗೆ ಬರುವವೂ ಒಂದೇಯೇ? (ನವಿ ಮುಂಬೈ)

ಜಾತಿ ಅವೇ ಎರಡು, ಹಕ್ಕಿಗಳು ಬೇರೆ. ಕೊಕ್ಕು ತಿಳಿಗುಲಾಬಿ, ತುದಿ ಮಾತ್ರ ಕಪ್ಪಾಗಿದ್ದರೆ ದೊಡ್ಡ ರಾಜಹಂಸ. ಇಡೀ ಕೊಕ್ಕು ಕಡುಗೆಂಪಾಗಿದ್ದರೆ ಚಿಕ್ಕದು. ಒಳನಾಡಿನ ಉಪ್ಪುಬಯಲುಗಳಲ್ಲಿ ಮಳೆನೀರು ನಿಂತ ವರ್ಷ ವಾಲ್ವಿಸ್ ಬೇಯ ಹಕ್ಕಿಗಳು ಮರಿ ಮಾಡಲು ಅಲ್ಲಿಗೆ ಹಾರುತ್ತವೆ, ಆಗ ವಾಲ್ವಿಸ್ ಬೇ ಖಾಲಿ ಎನಿಸುತ್ತದೆ. ಚಳಿಗಾಲ, ಅಂದರೆ ಅಲ್ಲಿನ ಜೂನ್‌ನಿಂದ ಆಗಸ್ಟ್, ನೋಡಲು ಒಳ್ಳೆಯದು.

ಕುನೋಗೆ ಬಂದ ಚೀತಾಗಳು ಈ ಕರಾವಳಿಯವೇ? (ಶಿವಮೊಗ್ಗ)

ಅಲ್ಲ. 2022ರ ಸೆಪ್ಟೆಂಬರ್ 17ರಂದು ಬಂದ 8 ಚೀತಾಗಳು ನಮೀಬಿಯಾದ ಒಳನಾಡಿನ ಹುಲ್ಲುಗಾವಲಿನ ಕಡೆಯವು. ಕರಾವಳಿಯ ಬೇಟೆಗಾರರಲ್ಲಿ ದೊಡ್ಡದು ಸಿಂಹ: ಹೋವಾನಿಬ್‌ನಂಥ ಒಣನದಿಗಳ ಪಾತ್ರದ ಗುಂಟ ಇಳಿದು ಬಂದು ದಡದಲ್ಲಿ ಸೀಲ್ ಹೊಡೆಯುತ್ತದೆ. ಬೀಚಿನಲ್ಲಿ ಸಿಂಹದ ಹೆಜ್ಜೆ ಕಾಣುವ ಜಾಗಗಳು ಬಹಳ ಅಪರೂಪ.

ಸ್ವಾಕೊಪ್‌ಮುಂಡ್‌ನಿಂದ ಸ್ಕೆಲಿಟನ್ ಕೋಸ್ಟ್‌ಗೆ ನಾವೇ ಕಾರು ಓಡಿಸಿಕೊಂಡು ಹೋಗುತ್ತೇವೆ. ಏನು ಎಚ್ಚರ ಬೇಕು? (ಮೈಸೂರು)

ಅಲ್ಲೂ ಎಡಗಡೆಯೇ ಓಡಿಸುವುದು, ಅದೊಂದು ನೆಮ್ಮದಿ. ಹೆಂಟಿಸ್ ಬೇ ದಾಟಿದ ಮೇಲೆ ಸಿಗುವುದು ಉಪ್ಪಿನ ರಸ್ತೆ. ಜಿಪ್ಸಮ್ ಮಣ್ಣಿಗೆ ಉಪ್ಪುನೀರು ಸುರಿದು ರೋಲರ್ ಹಾಯಿಸಿದ್ದು. ಮಳೆ ಇಲ್ಲದ್ದರಿಂದ ಕರಗುವುದಿಲ್ಲ, ನೋಡಲು ಟಾರಿನಂತೆಯೇ ಇರುತ್ತದೆ. ಬೆಳಗಿನ ಮಂಜು ಬಿದ್ದಾಗ ಸೋಪು ಸವರಿದ ಹಾಗೆ ಜಾರುತ್ತದೆ. ಹಗಲಲ್ಲೂ ಹೆಡ್‌ಲೈಟ್ ಹಾಕಿ, ಬ್ರೇಕನ್ನು ಒಮ್ಮೆಲೇ ಒತ್ತಬೇಡಿ, ಮಂಜು ಚದುರುವ ತನಕ ಕಾದು ಹೊರಡುವುದು ಇನ್ನೂ ಮೇಲು.

ಜಲ್ಲಿ ರಸ್ತೆಯಲ್ಲಿ ಹೊರಗಿನವರ ಕಾರು ಮಗುಚುವುದು ಒಂದೇ ಬಗೆಯಲ್ಲಿ: ರಸ್ತೆ ನೇರ, ಎದುರಿಗೆ ಯಾರೂ ಇಲ್ಲ, ವೇಗ 100 ದಾಟಿರುತ್ತದೆ, ಅಂಚಿನ ಸಡಿಲ ಜಲ್ಲಿಗೆ ಚಕ್ರ ಇಳಿಯುತ್ತದೆ, ಚಾಲಕ ಗಾಬರಿಯಿಂದ ಸ್ಟೀರಿಂಗ್ ಎಳೆಯುತ್ತಾನೆ. 80 ದಾಟಬೇಡಿ. ಚಕ್ರ ಅಂಚಿಗಿಳಿದರೆ ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ವೇಗ ತಗ್ಗಿದ ಮೇಲೆ ಮೆಲ್ಲಗೆ ತನ್ನಿ. ಟೈರಿನ ಗಾಳಿ ಟಾರಿನಲ್ಲಿ 32 ಪಿಎಸ್‌ಐ ಇದ್ದರೆ ಜಲ್ಲಿಯಲ್ಲಿ 26ರಿಂದ 28, ದಪ್ಪ ಮರಳಿನಲ್ಲಿ 15ರಿಂದ 18. ಮರಳು ದಾಟಿ ಬಂದವರು ಗಾಳಿ ತುಂಬಿಸದೆ ವೇಗ ಹೆಚ್ಚಿಸಿದರೆ ಟೈರು ಕಾದು ಹರಿಯುತ್ತದೆ. ಆದ್ದರಿಂದ ಕಂಪ್ರೆಸರ್ ಇಲ್ಲದೆ ಗಾಳಿ ಇಳಿಸಬೇಡಿ. ಎರಡು ಸ್ಟೆಪ್ನಿ ಕೇಳಿ ಪಡೆಯಿರಿ. ಬಾಡಿಗೆ ಕಾರಿನ ವಿಮೆಯಲ್ಲಿ ಗಾಜಿಗೆ ಮರಳು ಬಡಿದದ್ದು, ತಳ ತಾಗಿದ್ದು, ಬೇರೆ ಗಾಡಿ ಇಲ್ಲದೆ ತಾನೇ ಮಗುಚಿದ್ದು ಸೇರಿದೆಯೇ ಎಂದು ಸಹಿಗೆ ಮೊದಲೇ ಓದಿ.

ಹೆಂಟಿಸ್ ಬೇಯಲ್ಲಿ ಟ್ಯಾಂಕ್ ತುಂಬಿಸಿ, ಒಬ್ಬರಿಗೆ ದಿನಕ್ಕೆ 5 ಲೀಟರ್ ಲೆಕ್ಕದಲ್ಲಿ ನೀರಿರಲಿ. ಸ್ಕೆಲಿಟನ್ ಕೋಸ್ಟ್ ಉದ್ಯಾನದ ಉಗಾಬ್ ಗೇಟಿನಿಂದ ಸ್ಪ್ರಿಂಗ್‌ಬಾಕ್‌ವಾಸರ್ ಗೇಟಿನ ತನಕ ಹಾದುಹೋಗಲು ಗೇಟಿನಲ್ಲೇ ಪರವಾನಗಿ ಕೊಡುತ್ತಾರೆ. ಮಧ್ಯಾಹ್ನ 3ರೊಳಗೆ ಒಳಹೋಗಬೇಕು, ಅದೇ ಚೀಟಿಯಲ್ಲಿ ಟೆರೇಸ್ ಬೇಗೆ ಹೋಗುವಂತಿಲ್ಲ. ವಾಲ್ವಿಸ್ ಬೇಯ ದಕ್ಷಿಣಕ್ಕಿರುವ ಸ್ಯಾಂಡ್‌ವಿಚ್ ಹಾರ್ಬರ್‌ಗೆ ಮಾತ್ರ ನೀವೇ ಓಡಿಸಬೇಡಿ. ಮರಳುಗುಡ್ಡ ನೇರ ಕಡಲಿಗಿಳಿಯುವ ಜಾಗ ಅದು, ಭರತದ ಹೊತ್ತಿಗೆ ದಾರಿಯೇ ನೀರಿನಡಿ ಹೋಗುತ್ತದೆ.

ರಸ್ತೆ ಬಿಟ್ಟು ಒಂದು ಚಕ್ರವನ್ನೂ ಜಲ್ಲಿಬಯಲಿಗೆ ಇಳಿಸಬೇಡಿ. ಬೂದುಬಣ್ಣದ ಕೊಳೆಯಂತೆ ಕಾಣುವುದು ಕಲ್ಲುಹೂವು. ಅದರ ಮೇಲಿನ ಟೈರು ಗುರುತು ದಶಕಗಳಾದರೂ ಅಳಿಯುವುದಿಲ್ಲ. ಡಮಾರಾ ರೀವ ಎಂಬ ಪುಟ್ಟ ಕಡಲಹಕ್ಕಿಯ ಮೊಟ್ಟೆಯೂ ಅದೇ ಬಯಲಿನಲ್ಲಿ, ಗೂಡೇ ಇಲ್ಲದೆ, ಕಲ್ಲಿನ ನಡುವೆ ಕಲ್ಲಿನಂತೆ ಬಿದ್ದಿರುತ್ತದೆ.

ಡಿಸೆಂಬರ್ ಅಲ್ಲಿ ಬೇಸಿಗೆಯಲ್ಲವೇ? ಹತ್ತಿಬಟ್ಟೆ ಸಾಕೇ? (ಅದೇ ಓದುಗರಿಂದ)

ಸಾಲದು. ಸ್ವಾಕೊಪ್‌ಮುಂಡ್‌ನಲ್ಲಿ ಬೇಸಿಗೆಯ ಮಧ್ಯಾಹ್ನವೂ 20 ಡಿಗ್ರಿಯ ಆಸುಪಾಸು, ಮಂಜಿನ ಬೆಳಗಿಗೆ ಸ್ವೆಟರ್ ಬೇಕು. ಅರ್ಧ ದಿನ ಒಳನಾಡಿಗೆ ಓಡಿಸಿದರೆ 35 ದಾಟುತ್ತದೆ. ಎರಡಕ್ಕೂ ಬಟ್ಟೆ ಒಯ್ಯಿರಿ, ಸ್ವೆಟರ್ ಮಾತ್ರ ಡಿಕ್ಕಿಯಲ್ಲಿ ಬೇಡ, ಸೀಟಿನ ಮೇಲಿರಲಿ.